ಬಚ್ಚಲು ಮನೆಗೆ ಬಂದ ಎರಡು ಪೆಟ್ಟಿಗೆ

ಮಳೆ ಹೀಗೆ ಹಗಲು ರಾತ್ರಿ ಎನ್ನದೆ ಹಿಡಿದುಕೊಂಡಾಗಲೆಲ್ಲ ನನಗೆ ಮಗಳ ಬಾಣಂತನದ ವರ್ಷ ನೆನಪಾಗುತ್ತದೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅದರ ಪಾಲು ನಮ್ಮ ಅಂಗಳಕ್ಕೂ ಧಾರಾಳವಾಗಿ ಬರುತ್ತದೆ. ಮಗು ಹುಟ್ಟಿದ್ದು ಸರಿಯಾಗಿ ಆರಿದ್ರಾ ಮಳೆಯಲ್ಲಿ. ತಾಯಿ ಮಗು ಮನೆಗೆ ಬಂದ ಮೇಲೆ ಬಿಸಿಲು ಅನ್ನುವುದನ್ನು ನಾವು ಯಾರೂ ಕಾಣಲಿಲ್ಲ.

ಹಳೇ ಪಂಚೆ ಹರಿದು ಹೊಲಿದ ಬಟ್ಟೆಗಳು, ಕುಲಾವಿ, ದುಪ್ಪಟಿ, ಬಾಣಂತಿಯ ಸೀರೆ, ಎಣ್ಣೆ ಹಚ್ಚಿದ ಟವೆಲು, ಎಲ್ಲವನ್ನೂ ಬಚ್ಚಲು ಒಲೆಯ ಮೇಲೆ ಕಟ್ಟಿದ ಗಳಕ್ಕೆ ಹಾಕುತ್ತಿದ್ದೆವು. ಒಣಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಿಳಿ ಬಟ್ಟೆಯೆಲ್ಲ ಹೊಗೆ ಹಿಡಿದು ಕಂದುಬಣ್ಣಕ್ಕೆ ತಿರುಗಿತ್ತು. ಮಡಿಸಿಟ್ಟ ಬಟ್ಟೆಯ ಒಳಮಡಿಕೆ ಮುಟ್ಟಿದರೆ ಇನ್ನೂ ತಣ್ಣಗೆ ಇರುತ್ತಿತ್ತು. ಮಗಳು ಬೆಂಗಳೂರಿನಲ್ಲಿ ಇದ್ದವಳು. ಒಂದು ದಿನ ಮಗುವಿನ ಬಟ್ಟೆ ಮೂಸಿ ನೋಡಿ, "ಅಮ್ಮ, ಇದಕ್ಕೆ ಸಂಡಿಗೆ ಡಬ್ಬಿಯ ವಾಸನೆ" ಅಂದಳು. ಅತ್ತೆಗೆ ಸಿಟ್ಟು ಬಂತು. "ನಿನ್ನ ಅಪ್ಪಯ್ಯನ್ನ ಬೆಳೆಸಿದ್ದು ಇದೇ ಗಳದ ಬಟ್ಟೆಯಲ್ಲಿ" ಅಂದರು. ಇವರು ಮಾತಾಡಲಿಲ್ಲ. ಮಾರನೇ ದಿನ ಜೀಪು ತೆಗೆದು, "ಬರ್ತೀಯನೇ, ಶಿವಮೊಗ್ಗಕ್ಕೆ ಹೋಗಿ ಬರೋಣ" ಅಂದರು.

ಅಂಗಡಿಯ ಹುಡುಗ ಒಳ್ಳೆಯ ಮಾತುಗಾರ. ಒಂದೇ ಪೆಟ್ಟಿಗೆಯಲ್ಲಿ ತೊಳೆದು ಒಣಗಿಸಿ ಕೊಡುವ ಮಿಷನ್ನಿನ ಮುಂದೆ ನಮ್ಮನ್ನು ನಿಲ್ಲಿಸಿದ. ಇವರಿಗೆ ಅದು ಕಂಡ ಕೂಡಲೇ ಮನಸ್ಸಿಗೆ ಬಂತು. ನಾನು ಬಾಗಿಲ ಮೇಲೆ ಅಂಟಿಸಿದ್ದ ಚೀಟಿ ಓದಿದೆ: ತೊಳೆಯುವುದು 8 ಕೆಜಿ, ಒಣಗಿಸುವುದು 5 ಕೆಜಿ.

"ಅಲ್ಲ ತಮ್ಮಾ, 8 ಕೆಜಿ ತೊಳೆದ ಮೇಲೆ ಉಳಿದ 3 ಕೆಜಿ ಎಲ್ಲಿ ಹಾಕ್ಬೇಕು?"

"ಮೇಡಂ, ಅದನ್ನ ಹೊರಗೆ ತೆಗೆದಿಟ್ಟು ಎರಡನೇ ಸಲ ಒಣಗಿಸ್ಬಹುದು."

"ಅದು ಒಣಗುವ ತನಕ ಮತ್ತೆ ತೊಳೆಯೋದಕ್ಕೆ ಆಗೋದಿಲ್ಲ ಅಲ್ವ?"

ಆಗುವುದಿಲ್ಲ. ಡ್ರಮ್ಮು ಒಂದೇ. ಬಟ್ಟೆ ಒಣಗಬೇಕಾದರೆ ಅದು ಚೆಲ್ಲಾಡಿಕೊಂಡು ಬೀಳುವಷ್ಟು ಜಾಗ ಬೇಕು, ಬಿಸಿಗಾಳಿ ನಡುವೆ ಹಾಯಬೇಕು. ಹಾಗಾಗಿ ಒಣಗಿಸುವ ಲೆಕ್ಕ ಯಾವಾಗಲೂ ಕಮ್ಮಿ. ಅಲ್ಲದೆ ಆ ಜಾತಿಯ ಎಷ್ಟೋ ಮಿಷನ್ನುಗಳು ಆವಿಯನ್ನು ತಣ್ಣೀರು ಬಿಟ್ಟು ನೀರಾಗಿಸುತ್ತವೆ, ಅಂದರೆ ಒಣಗಿಸಲಿಕ್ಕೂ ನೀರು ಖರ್ಚು. ಇಬ್ಬರೇ ಇರುವ ಪೇಟೆ ಮನೆಗೆ, ಜಾಗ ಇಲ್ಲದ ಕಡೆಗೆ, ಅದು ಸರಿ. ಮಗು ಗಂಟೆಗೊಂದು ಬಟ್ಟೆ ಒದ್ದೆ ಮಾಡುವ ಮನೆಗೆ ಅಲ್ಲ. ನಮ್ಮ ಬಚ್ಚಲು ಮನೆಯಲ್ಲಿ ಎಮ್ಮೆ ಕಟ್ಟುವಷ್ಟು ಜಾಗ ಇದೆ. ಬೇರೆ ಬೇರೆ ಎರಡು ತೆಗೆದುಕೊಳ್ಳೋಣ ಅಂದೆ.

ಎದುರು ಬಾಗಿಲಿನ ವಾಷಿಂಗ್ ಮಿಷನ್ ಆರಿಸಿದ್ದರ ಹಿಂದೆ ನನ್ನದೇ ಒಂದು ಲೆಕ್ಕ ಇತ್ತು. ಒದ್ದೆ ಬಟ್ಟೆಯಲ್ಲಿರುವ ನೀರನ್ನು ತಿರುಗಿಸಿ ಹಿಂಡುವುದು ಅಗ್ಗ, ಕಾಯಿಸಿ ಆವಿ ಮಾಡುವುದು ದುಬಾರಿ. ಒಂದು ಲೀಟರು ನೀರು ಆವಿಯಾಗಬೇಕಾದರೆ ಅರ್ಧ ಯೂನಿಟ್ಟಿಗೂ ಮೇಲೆ, ಸುಮಾರು 0.63 ಯೂನಿಟ್ ಶಾಖ ಬೇಕು. ಅದು ಪ್ರಕೃತಿಯ ಕಾನೂನು, ಯಾವ ಕಂಪನಿಯೂ ರಿಯಾಯಿತಿ ಕೊಡುವುದಿಲ್ಲ. ಒಣ ತೂಕ 5 ಕೆಜಿ ಇರುವ ಬಟ್ಟೆಯಲ್ಲಿ ಹಿಂಡಿದ ಮೇಲೂ 3 ಲೀಟರು ನೀರು ಉಳಿದರೆ ಹತ್ತಿರ ಹತ್ತಿರ 2 ಯೂನಿಟ್ ಬರೀ ಆವಿಗೇ ಹೋಯಿತು, ಗಾಳಿಗೆ ಸೋರಿಹೋಗುವ ಶಾಖ ಬೇರೆ. ನಿಮಿಷಕ್ಕೆ 1200 ಸುತ್ತು ತಿರುಗಿ ಹಿಂಡುವ ಮಿಷನ್ನು, 700 ಸುತ್ತಿನದಕ್ಕಿಂತ ಹೆಚ್ಚು ನೀರು ತೆಗೆಯುತ್ತದೆ. ಆ ಉಳಿತಾಯ ಡ್ರೈಯರ್ ಬಿಲ್ಲಿನಲ್ಲಿ ಕಾಣುತ್ತದೆ.

ಡ್ರೈಯರಿನಲ್ಲಿ ಮತ್ತೆ ಎರಡು ಬಗೆ ತೋರಿಸಿದ. ಹೀಟ್ ಪಂಪ್ ಇರುವುದು ಕರೆಂಟು ಅರ್ಧಕ್ಕರ್ಧ ಉಳಿಸುತ್ತದೆ, ಬೆಲೆ ಮಾತ್ರ ಎದೆ ನಡುಗಿಸುವಂತಿತ್ತು. ಇನ್ನೊಂದು ಹಳೇ ಬಗೆ: ಹೀಟರಿನಿಂದ ಗಾಳಿ ಕಾಯಿಸಿ, ಬಟ್ಟೆಯ ಮೇಲೆ ಹಾಯಿಸಿ, ಆ ಒದ್ದೆಗಾಳಿಯನ್ನು ಕೊಳವೆಯಲ್ಲಿ ಗೋಡೆಯಾಚೆ ದೂಡುವುದು. ನಮ್ಮ ಕಡೆ ಮಳೆಗಾಲದ ವೋಲ್ಟೇಜು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ವೋಲ್ಟೇಜು ಇಳಿದರೆ ಹೀಟರು ನಿಧಾನ ಆಗುತ್ತದೆ, ಅಷ್ಟೆ. ಕಂಪ್ರೆಸರ್ ಇರುವುದು ಹೇಗೆ ಹಟ ಮಾಡುತ್ತದೆ ಅನ್ನುವುದನ್ನು ಫ್ರಿಜ್ಜಿನಲ್ಲಿ ಕಂಡಿದ್ದೆವು. ಹಳೇ ಬಗೆಯದನ್ನೇ ತಂದೆವು.

ಅಂದಹಾಗೆ ಈ ಡ್ರೈಯರ್ ಹುಟ್ಟಿದ ಕಥೆಯೂ ನಮ್ಮದರ ಹಾಗೇ ಇದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಜೆ. ರಾಸ್ ಮೂರ್ ಅನ್ನುವವನು, ಕೊರೆಯುವ ಚಳಿಯಲ್ಲಿ ತಾಯಿ ಹೊರಗೆ ಬಟ್ಟೆ ಹರವುವುದನ್ನು ನೋಡಲಾರದೆ, ಒಂದು ಶೆಡ್ಡು ಕಟ್ಟಿ ಅದರೊಳಗೆ ಒಲೆ ಹಾಕಿ ಬಟ್ಟೆ ಒಣಗಿಸಲು ಹೊರಟನಂತೆ. ಮುಂದೆ ಅದೇ ಉರುಳುವ ಡ್ರಮ್ಮಾಯಿತು. ವಿಸ್ಕಾನ್ಸಿನ್ನಿನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಅದನ್ನು 'ಜೂನ್ ಡೇ' ಅನ್ನುವ ಹೆಸರಿಟ್ಟು ಮಾರಿತು. ಜೂನ್ ಅಂದರೆ ಅವರಿಗೆ ಎಳೆಬಿಸಿಲು. ಆ ಹೆಸರಿನ ಪೆಟ್ಟಿಗೆಯನ್ನು ಆಗುಂಬೆಯಲ್ಲಿ ಯಾರಾದರೂ ಕೊಳ್ಳುತ್ತಿದ್ದರೇ?

ಸರಿ, ಪೆಟ್ಟಿಗೆಗಳು ಬಂದವು. ಜೋಡಿಸಲು ಒಬ್ಬ ಹುಡುಗ ಬಂದ. ಸಾಗಿಸುವಾಗ ಡ್ರಮ್ಮು ಅಲ್ಲಾಡದಂತೆ ಹಿಂದುಗಡೆ ಬಿಗಿದಿದ್ದ ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ, ಜೋಪಾನವಾಗಿ ಇಡಿ ಅಂದ. ಅವು ಬಿಚ್ಚದೇ ಉಳಿದರೆ ಮಿಷನ್ನು ಹಿಂಡುವಾಗ ಮನೆ ತುಂಬ ಕುಣಿಯುತ್ತದೆ. ನೀರು ತಾಗಬಾರದೆಂದು ಇವರು ಕಟ್ಟಿಸಿದ್ದ ಸಣ್ಣ ಕಟ್ಟೆಯ ಮೇಲೆ ಅದನ್ನು ಕೂರಿಸಿ, ನೀರು ಹೋಗುವ ಪೈಪು ಗಿಡ್ಡ ಆಯಿತೆಂದು ಹಿಂದಿನ ಕೊಕ್ಕೆಯಿಂದ ಬಿಡಿಸಿ ಬಚ್ಚಲು ಮೋರಿಗೆ ಬಿಟ್ಟ. ತಿರುಗುವುದನ್ನು ಖಾಲಿ ಡ್ರಮ್ಮಿನಲ್ಲಿ ತೋರಿಸಿ, ಕತ್ತಲಾಗುವ ಮೊದಲು ಊರು ಸೇರಬೇಕೆಂದು ಹೊರಟೇ ಹೋದ.

ಮಾರನೇ ದಿನ ಬಟ್ಟೆ ಹಾಕಿ ಗುಂಡಿ ಒತ್ತಿದೆವು. ಮಿಷನ್ನು ಗುಯ್ ಅಂತು, ನೀರು ಬರುವ ಸದ್ದು ಕೇಳಿತು. ಕೇಳುತ್ತಲೇ ಇತ್ತು. ಗಾಜಿನ ಬಾಗಿಲಿನಲ್ಲಿ ನೀರಿನ ಮಟ್ಟ ಮೇಲೆ ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಪೀಂ ಪೀಂ ಅಂತ ಕೂಗಿ ನಲ್ಲಿಯ ಚಿತ್ರ ತೋರಿಸಿ ನಿಂತಿತು. ಪುಸ್ತಕ ನೋಡಿದರೆ ನೀರು ಸಾಲುತ್ತಿಲ್ಲ ಎಂದಿತ್ತು.

ಇವರಿಗೆ ಅನುಮಾನ ಅಬ್ಬಿ ನೀರಿನ ಮೇಲೆ. ನಮ್ಮ ಮನೆಗೆ ನೀರು ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಎಲೆ ಕಸ ಕಟ್ಟಿದರೆ ನಿಲ್ಲುತ್ತದೆ. ಸುರಿಯುವ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ, ಪೈಪಿನ ಬಾಯಿ ಬಿಡಿಸಿ, ಎರಡೂ ಕಾಲಿಗೆ ಉಂಬಳ ಕಚ್ಚಿಸಿಕೊಂಡು ಬಂದರು. ಆಮೇಲೆ ಮಿಷನ್ನಿನ ಹಿಂದೆ ನೀರು ಒಳಗೆ ಹೋಗುವ ಕಡೆ ಪೈಪು ತಿರುಚಿ ತೆಗೆದರೆ ಬೆರಳ ತುದಿಯಷ್ಟು ಒಂದು ಜಾಲರಿ, ಅದರಲ್ಲಿ ಗುಡ್ಡದ ಸಣ್ಣ ಮರಳು ಹೆಂಟೆ ಕಟ್ಟಿತ್ತು. ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತೊಳೆದು ಹಾಕಿದೆವು. ನೀರು ಜೋರಾಯಿತು. ಮಿಷನ್ನು ಮಾತ್ರ ಮತ್ತೆ ಅದೇ ಹಾಡು. "ದುಡ್ಡು ಕೊಟ್ಟು ತಂದದ್ದಕ್ಕೆ ಇನ್ನೂ ನೀರು ಕುಡಿಯೋದು ಕಲಿಸ್ಬೇಕಾ?" ಅಂತ ಅತ್ತೆ ಒಲೆ ಮುಂದೆ ಕೂತು ಕೇಳಿದರು.

ಅಂಗಡಿಗೆ ಫೋನು ಮಾಡಿದರೆ ಬೋರ್ಡು ಹೋಗಿರಬಹುದು, ತಗಲಬಹುದಾದ ಖರ್ಚು ಇಷ್ಟು, ಮಳೆ ಬಿಡಲಿ ಬರುತ್ತೇವೆ ಅಂದರು. ಹೊಸ ಮಿಷನ್ನಿಗೆ ಎಂಥಾ ಖರ್ಚು ಅಂತ ಇವರು ಕೂಗಾಡಿದರು.

ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಕೊಳೆರೋಗಕ್ಕೆ ಔಷಧಿ ಹೊಡೆಯಲು ಬಂದವರು ತೋಟದಲ್ಲಿದ್ದರು. 100 ಲೀಟರು ನೀರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಗೊತ್ತಲ್ಲ, ಬೋರ್ಡೋ. ಅವರಲ್ಲಿ ಒಬ್ಬ ಕೈಕಾಲು ತೊಳೆಯಲು ಬಚ್ಚಲಿಗೆ ಬಂದ. ಅಂಗಿ ಮೈಯೆಲ್ಲ ನೀಲಿ. ಹಂಡೆಯಿಂದ ಬಿಸಿನೀರು ತೋಡಿಕೊಳ್ಳುತ್ತಾ ಮೋರಿ ಕಡೆ ನೋಡಿದ.

"ಅಮ್ಮಾ, ಇದು ಈಗ ನೀರು ತುಂಬ್ತಾ ಇದೆಯಾ, ಖಾಲಿ ಮಾಡ್ತಾ ಇದೆಯಾ?"

"ತುಂಬ್ತಾ ಇದೆ ಮಾರಾಯ. ಯಾಕೆ?"

"ಮತ್ತೆ ಈ ಪೈಪಲ್ಲಿ ನೀರು ಹೋಗ್ತಾನೇ ಇದೆಯಲ್ಲ. ನಾವು ಬ್ಯಾರಲ್ ಪೈಪ್ ನೆಲಕ್ಕೆ ಬಿಟ್ರೆ ಬ್ಯಾರಲ್ ಖಾಲಿ ಆಗೋ ತನಕ ನಿಲ್ಲುತ್ತಾ? ಬಾಯಿ ಮೇಲೆ ಎತ್ತಿ ಕಟ್ಬೇಕು."

ನಾನು ಬಗ್ಗಿ ನೋಡಿದೆ. ಒಲೆಯ ಉರಿ, ಮಳೆ, ನಲ್ಲಿ, ಇಷ್ಟು ಸದ್ದಿನ ನಡುವೆ ಕೇಳದಷ್ಟು ಸಣ್ಣಗೆ, ಹೆಬ್ಬೆರಳು ಗಾತ್ರದ ನೀರು ಮೋರಿಗೆ ಇಳಿಯುತ್ತಿತ್ತು. ಮಿಷನ್ನು ಕಟ್ಟೆಯ ಮೇಲೆ, ಪೈಪಿನ ಬಾಯಿ ಮೋರಿಯ ತಳದಲ್ಲಿ. ಒಳಗೆ ಬಿದ್ದದ್ದೆಲ್ಲ ತಗ್ಗಿಗೆ ಹರಿಯದೆ ಇನ್ನೇನು? ಪೈಪು ಮಿಷನ್ನಿನ ಕಾಲಿನ ಮಟ್ಟದಿಂದ ಎರಡು ಅಡಿಗಿಂತ ಮೇಲಕ್ಕೆ ಏರಿ ಆಮೇಲೆ ಇಳಿಯಬೇಕು. ಆ ಎತ್ತರಕ್ಕೆ ನೀರು ಎತ್ತುವುದು ಒಳಗಿನ ಪಂಪಿನ ಕೆಲಸ. ತೋಟದಲ್ಲಿ ಮಿಕ್ಕಿದ್ದ ಪಿವಿಸಿ ಪೈಪಿನ ತುಂಡನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಅದರ ಬಾಯಿಗೆ ಮಿಷನ್ನಿನ ಪೈಪನ್ನು ಸಡಿಲವಾಗಿ ಸಿಕ್ಕಿಸಿದೆವು. ಬಿಗಿಯಾಗಿ ಮುಚ್ಚಿದರೆ ಗಾಳಿ ಆಡದೆ ನೀರು ಮತ್ತೆ ಎಳೆದುಕೊಂಡು ಹೋಗುತ್ತದೆ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಗಾಜಿನ ಕೆಳಗಂಚಿನಲ್ಲಿ ನೀರು ಮಿಣಮಿಣ ಅಂತು. ಅವನಿಗೆ ಕಾಫಿ ಜೊತೆ ಬಾಣಂತಿಗೆಂದು ಮಾಡಿದ್ದ ಅಂಟಿನುಂಡೆಯನ್ನೂ ಕೊಟ್ಟೆ.

ಆಮೇಲಿನ ಸಣ್ಣಪುಟ್ಟದ್ದು ಬಿಡಿ. ಕೆಲಸದವಳು ಕಲ್ಲಿಗೆ ಒಗೆಯುವ ಪುಡಿಯನ್ನೇ ಸುರಿದು ನೊರೆ ಡಬ್ಬಿಯಿಂದ ಉಕ್ಕಿತ್ತು. ಇನ್ನೊಮ್ಮೆ ನೀರು ಹೊರಗೆ ಹೋಗದೆ ನಿಂತಾಗ, ಮುಂದುಗಡೆ ಕೆಳಮೂಲೆಯ ಸಣ್ಣ ಬಾಗಿಲು ತೆಗೆದು ಫಿಲ್ಟರು ತಿರುಗಿಸಿದರೆ ಮಗುವಿನ ಒಂದು ಕಾಲುಚೀಲ ಮತ್ತು ಇವರ ಜೇಬಿನ ಅಡಿಕೆ ಹೋಳು ಸಿಕ್ಕವು. ಅಡಿಕೆ ಚೆನ್ನಾಗಿ ನೆಂದು ಹದವಾಗಿತ್ತು.

ಡ್ರೈಯರಿನದು ಬೇರೆ ಕಥೆ. ಗೋಡೆಗೆ ನಾಲ್ಕಿಂಚಿನ ತೂತು ಕೊರೆಸಿ, ಕೊಳವೆಯನ್ನು ಗಿಡ್ಡವಾಗಿ, ತಿರುವಿಲ್ಲದೆ ಹೊರಗೆ ಬಿಟ್ಟಿದ್ದೆವು. ಮೊದಲು ಏನು ಚೆಂದ ಅಂತೀರಿ! ಮಗುವಿನ ಬಟ್ಟೆ ಬಿಸಿಬಿಸಿ, ಹೂವಿನ ಹಾಗೆ ಹಗುರ. ಅತ್ತೆ ಯಾರೂ ಇಲ್ಲದಾಗ ತಮ್ಮ ಸೀರೆಯನ್ನೂ ಒಳಗೆ ಸೇರಿಸುತ್ತಿದ್ದರು. ಬರಬರುತ್ತಾ ಅದು ಒಣಗಿಸುವುದು ನಿಧಾನ ಆಯಿತು. ಬಟ್ಟೆ ಬಿಸಿಯಾಗುತ್ತಿತ್ತು, ತೇವ ಹೋಗುತ್ತಿರಲಿಲ್ಲ, ನಡುವೆ ತಾನೇ ಕಾದು ನಿಂತುಬಿಡುತ್ತಿತ್ತು. ವೋಲ್ಟೇಜು ಅಂದರು ಎಲ್ಲರೂ. ಅದೂ ಸುಳ್ಳಲ್ಲ: 230 ಇರಬೇಕಾದಲ್ಲಿ 170 ಬಂದರೆ ಹೀಟರಿನ ಶಾಖ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಆದರೆ ಮಧ್ಯಾಹ್ನ ದೀಪ ಉಜ್ವಲವಾಗಿ ಉರಿಯುವಾಗಲೂ ಅದೇ ಪಾಡು. ಬಾಗಿಲಿನ ಹತ್ತಿರದ ಜಾಲರಿಯನ್ನು ಮಗಳು ಪ್ರತಿ ಸಲ ಬಿಡಿಸಿ ನೂಲಿನ ಧೂಳು ತೆಗೆಯುತ್ತಿದ್ದಳು. ಅಲ್ಲೂ ತಪ್ಪಿರಲಿಲ್ಲ.

ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಮಗಳು ಹೊರಗೆ ಹೋಗಿ ಗೋಡೆ ನೋಡಿ ನಗಲು ಶುರು ಮಾಡಿದಳು. ಹಾವು ಇಲಿ ನುಗ್ಗಬಾರದೆಂದು ಇವರು ಕೊಳವೆಯ ಬಾಯಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ತಂತಿ ಬಲೆ ಹೊಡೆದಿದ್ದರು. ಹಳೇ ಪಂಚೆಗಳ ಸವೆದ ನೂಲೆಲ್ಲ ಆವಿಯ ಜೊತೆ ಬಂದು ಆ ಬಲೆಗೆ ಅಂಟಿ, ಬೆರಳು ದಪ್ಪದ ಬೂದು ಬಣ್ಣದ ಕಂಬಳಿಯಾಗಿತ್ತು. ಕಿತ್ತರೆ ಒಂದೇ ತುಂಡಾಗಿ ಎದ್ದು ಬಂತು. ಹೊರಗೆ ಹೋಗದ ಒದ್ದೆಗಾಳಿ ಡ್ರಮ್ಮಿನಲ್ಲೇ ಸುತ್ತುತ್ತಿತ್ತು. ಹಾಗೆ ಕಟ್ಟಿಕೊಂಡ ನೂಲಿಗೆ ಬೆಂಕಿ ಹತ್ತುವುದೂ ಇದೆ ಅಂತ ಮಗಳು ಅಪ್ಪಯ್ಯನಿಗೆ ಗದರಿದಳು. ಬಲೆ ತೆಗೆದು, ಗಾಳಿ ಬಂದಾಗ ತೆರೆದು ನಿಂತಾಗ ಬೀಳುವ ರೆಪ್ಪೆ ಮುಚ್ಚಳ ತರಿಸಿ ಹಾಕಿದೆವು. ಅವತ್ತೇ ಸಂಜೆ ಬಟ್ಟೆ ಹಪ್ಪಳದಂತೆ ಒಣಗಿ ಬಂತು.

ಕರೆಂಟು ಬಿಲ್ಲು ಬಂದ ದಿನ ಇವರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. ಅಲ್ಲಿಂದ ಡ್ರೈಯರು ಮಗುವಿಗೆ ಮತ್ತು ಬಾಣಂತಿಗೆ ಮಾತ್ರ ಅಂತಾಯಿತು. ತೋಟದ ಬಟ್ಟೆ, ಕಂಬಳಿ, ಮೈಲುತುತ್ತದ ನೀಲಿ ಹತ್ತಿದ್ದು ಗಳದ ಮೇಲೇ. ಅತ್ತೆಯ ಸೀರೆ ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮೊನ್ನೆ ಪಕ್ಕದ ಮನೆಯವಳು ಬಂದಿದ್ದಳು. ಅವಳ ಸೊಸೆಗೂ ಆಷಾಢದಲ್ಲೇ ದಿನ ತುಂಬುತ್ತದೆ. "ಯಾವ ಕಂಪನಿದು ತಗೊಳ್ಳಲಿ ಅಕ್ಕ?" ಅಂದಳು. ನಡಿ, ಮೊದಲು ನಿಮ್ಮ ಬಚ್ಚಲು ನೋಡೋಣ ಅಂತ ಹೋದೆ. ಮೋರಿ ಎಲ್ಲಿದೆ, ಟ್ಯಾಂಕಿ ಎಷ್ಟು ಎತ್ತರ, 16 ಆಂಪಿಯರಿನ ಪ್ಲಗ್ಗು ಇದೆಯಾ, ಅರ್ಥಿಂಗ್ ಸರಿ ಇದೆಯಾ, ಹೊರಗಿನ ಗೋಡೆ ಯಾವುದು ಅಂತ ನೋಡಿದೆ. ಪ್ಲಗ್ಗು ಇರಲಿಲ್ಲ. ಅವಳ ಗಂಡ ನಾಳೆ ವೈರಿಂಗಿನವನನ್ನು ಕರೆಸುತ್ತಾನಂತೆ.