ನಮ್ಮಪ್ಪನ ವೆಂಕಟಸುಬ್ಬಯ್ಯ

ಮುಂಬಯಿಯ ನಮ್ಮ ಬ್ಯಾಂಕಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದ ಕೂಡಲೇ ಶುರುವಾಗುತ್ತಿದ್ದ ಜಗಳಗಳಲ್ಲಿ ಒಂದು ವರ್ಷಗಟ್ಟಲೆ ಬಗೆಹರಿಯಲೇ ಇಲ್ಲ. ಅನಂತ್ ನಾಗ್ ಯಾರ ಕಡೆಯವರು ಎಂಬುದೇ ಆ ಜಗಳ. ರತ್ನಾಗಿರಿ ಕಡೆಯ ನಮ್ಮ ಹೆಡ್ ಕ್ಯಾಷಿಯರು, ‘ಅವರು ಮರಾಠಿ ರಂಗಭೂಮಿಯಲ್ಲಿ ಪಳಗಿದವರು, ಹಾಗಾಗಿ ನಮ್ಮವರು’ ಎನ್ನುತ್ತಿದ್ದರು. ಕಾರವಾರದ ಕಡೆಯವರೊಬ್ಬರು, ‘ಮನೆಮಾತು ಕೊಂಕಣಿ ಮಾರಾಯ್ರೆ, ಇನ್ನೇನು ಸಾಕ್ಷಿ ಬೇಕು?’ ಎಂದು ಮೇಜು ಕುಟ್ಟುತ್ತಿದ್ದರು. ಉತ್ತರದವರಿಗೆ ಅವರು ‘ಅಂಕುರ್’ ಚಿತ್ರದ ನಾಯಕ, ಅಷ್ಟೇ. ನಾನು ಮಾತ್ರ ಒಂದೇ ಮಾತು ಹೇಳುತ್ತಿದ್ದೆ: ‘ನೀವು ಹಂಸಗೀತೆ ನೋಡಿದ್ದೀರಾ? ನೋಡಿಲ್ಲ ತಾನೇ? ಹಾಗಾದರೆ ಸುಮ್ಮನೆ ಊಟ ಮಾಡಿ.’

ಊರಿನಲ್ಲಿರುವ ನಿಮಗೆ ಇದು ಹುಡುಗಾಟವೆನಿಸಬಹುದು. ಪರಊರಿನಲ್ಲಿರುವವನಿಗೆ ‘ನಮ್ಮವರು’ ಎಂದು ತೋರಿಸಿಕೊಳ್ಳಲು ಒಬ್ಬರು ಬೇಕಾಗುತ್ತಾರೆ. ರಾಜಕುಮಾರ್ ಎಂದರೆ ಅಲ್ಲಿ ಬೇರೆ ಹಿಂದಿ ರಾಜ್‌ಕುಮಾರ್ ನೆನಪಾಗುತ್ತಿದ್ದರು. ಅನಂತ್ ನಾಗ್ ಹಾಗಲ್ಲ. ಅವರನ್ನು ಎಲ್ಲರೂ ಬಲ್ಲರು, ಎಲ್ಲರೂ ಕೇಳುತ್ತಿದ್ದರು. ಎಲ್ಲರೂ ಕೇಳುವ ವಸ್ತು ನಮ್ಮ ಮನೆಯದು ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ.

ಹಂಸಗೀತೆಯನ್ನು ನನಗೆ ತೋರಿಸಿದವರು ಅಪ್ಪ. ನಾವು ಚಿತ್ರದುರ್ಗದವರು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ತ.ರಾ.ಸು. ಅವರ ಕಾದಂಬರಿಗಳೆಂದರೆ ಪ್ರಾಣ. ನಮ್ಮ ಕೋಟೆ ಕೊತ್ತಲಗಳ ಕಥೆ ಬರೆದವರು ಎಂಬ ಅಭಿಮಾನ ಬೇರೆ. ಅವರ ‘ಹಂಸಗೀತೆ’ ಜಿ.ವಿ. ಅಯ್ಯರ್ ಕೈಯಲ್ಲಿ 1975ರಲ್ಲಿ ಸಿನಿಮಾ ಆಯಿತು. ನಾನಾಗ ಎಸ್ಸೆಸ್ಸೆಲ್ಸಿ. ‘ಪರೀಕ್ಷೆ ವರ್ಷ, ಸಿನಿಮಾ ಗಿನಿಮಾ ಬೇಡ’ ಎಂದು ಅಮ್ಮ ಗೊಣಗಿದರೂ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರು. ಹೊಡೆದಾಟವಿಲ್ಲ, ಕುಣಿತವಿಲ್ಲ. ಭೈರವಿ ವೆಂಕಟಸುಬ್ಬಯ್ಯ ಎಂಬ ಸಂಗೀತಗಾರನ ಕಥೆ. ಹಾಡಿದವರು ಬಾಲಮುರಳಿಕೃಷ್ಣ, ಆ ಹಾಡುಗಾರಿಕೆಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ತೆರೆಯ ಮೇಲೆ ಹಾಡುತ್ತಿದ್ದವನು ಇಪ್ಪತ್ತೇಳು ವರ್ಷದ ಈ ಹುಡುಗನೇ ಅಂತಲೇ ನಾನು ನಂಬಿದ್ದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮನೆ ಹತ್ತಿರ ಬಂದ ಮೇಲೆ, ‘ಪುಸ್ತಕ ಓದುವಾಗ ವೆಂಕಟಸುಬ್ಬಯ್ಯ ನನಗೆ ಬೇರೆ ಥರ ಕಾಣ್ತಿದ್ದ. ಇನ್ನು ಮೇಲೆ ಹಿಂಗೇ ಕಾಣ್ತಾನೆ ಕಣೋ’ ಎಂದರು.

ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕು ಸೇರಿದೆ. ಮೊದಲ ಪೋಸ್ಟಿಂಗು ಬಯಲುಸೀಮೆಯ ಒಂದು ಹಳ್ಳಿಯ ಶಾಖೆಗೆ. ಮಳೆ ಕೈಕೊಟ್ಟ ವರ್ಷಗಳು. ಬೆಳೆ ಸಾಲದ ನೋಟೀಸು ಹಿಡಿದು ರೈತರ ಮನೆಗೆ ಹೋದರೆ ಅವರು ಮಜ್ಜಿಗೆ ಕೊಡುತ್ತಿದ್ದರು. ಕುಡಿದು, ನೋಟೀಸು ಕೊಡದೆ ವಾಪಸ್ ಬಂದದ್ದೂ ಉಂಟು. ಆ ಕಾಲದಲ್ಲೇ ನಾನು ಎಂ.ಎಸ್. ಸತ್ಯು ಅವರ ‘ಬರ’ ನೋಡಿದ್ದು. ಅನಂತಮೂರ್ತಿಯವರ ಕಥೆ. ಒಳ್ಳೆಯದು ಮಾಡಬೇಕೆಂದು ಹೊರಟು, ಸುತ್ತಲಿನ ರಾಜಕಾರಣದಲ್ಲಿ ಕೈಕಾಲು ಕಟ್ಟಿಸಿಕೊಳ್ಳುವ ಜಿಲ್ಲಾಧಿಕಾರಿಯ ಪಾತ್ರದಲ್ಲಿ ಅನಂತ್ ನಾಗ್. ಕುರ್ಚಿಯೂ ಇದೆ, ಸಹಿ ಮಾಡುವ ಅಧಿಕಾರವೂ ಇದೆ, ಆದರೂ ಏನೂ ಮಾಡಲಾಗದ ಆ ಮುಖವನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದೆ.

1986ರಲ್ಲಿ ಪ್ರಮೋಷನ್ ಬಂತು, ಜೊತೆಗೆ ಮುಂಬಯಿ. ‘ಮೂರು ವರ್ಷ ಅಷ್ಟೇ ಅಪ್ಪಾ’ ಎಂದು ಹೇಳಿ ಹೊರಟೆ. ಡೊಂಬಿವಿಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಮದುವೆಯಾಯಿತು, ಮಗ ಹುಟ್ಟಿದ. ಭಾನುವಾರ ಮಾಟುಂಗಕ್ಕೆ ಹೋಗಿ ಬಾಳೆಎಲೆ, ಕಾಫಿಪುಡಿ ತರುವುದು. ಹಾಗೆಯೇ ವಿಡಿಯೊ ಲೈಬ್ರರಿಯಲ್ಲಿ ಕನ್ನಡ ಕ್ಯಾಸೆಟ್ಟು ಹುಡುಕುವುದು. 1988ರಲ್ಲಿ ಮೊಮ್ಮಗನನ್ನು ನೋಡಲು ಬಂದ ಅಪ್ಪನಿಗೆ, ಬಾಡಿಗೆಗೆ ವಿ.ಸಿ.ಆರ್. ತಂದು ‘ಅಂಕುರ್’ ತೋರಿಸಿದೆ. ಶ್ಯಾಮ್ ಬೆನಗಲ್ 1974ರಲ್ಲಿ ತೆಗೆದ ಚಿತ್ರ. ಮನೆಗೆಲಸದವಳನ್ನು ಬಳಸಿಕೊಂಡು, ಅವಳು ಬಸುರಿಯಾದಾಗ ಕೈಬಿಡುವ ಜಮೀನ್ದಾರನ ಮಗನ ಪಾತ್ರ. ಕೊನೆಗೆ ಆ ಹೆಂಗಸಿನ ಮೂಗ ಗಂಡನಿಗೆ ಸುಮ್ಮಸುಮ್ಮನೆ ಚಾಟಿಯಲ್ಲಿ ಹೊಡೆಯುತ್ತಾನೆ, ಆಮೇಲೆ ಬಾಗಿಲ ಹಿಂದೆ ಅಡಗುತ್ತಾನೆ. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಕೊನೆವರೆಗೆ ನೋಡಿ, ‘ನಮ್ಮ ವೆಂಕಟಸುಬ್ಬಯ್ಯನೇ ಏನೋ ಇವನು? ಇಷ್ಟು ಪುಕ್ಕಲನಾಗಿ ಕಾಣಿಸಿಕೊಳ್ಳೋಕೆ ಎಂಥಾ ಧೈರ್ಯ ಬೇಕು!’ ಎಂದರು. ಪತ್ರಿಕೆಗಳಲ್ಲಿ ಎಷ್ಟೋ ವಿಮರ್ಶೆ ಓದಿದ್ದೇನೆ. ಅನಂತ್ ನಾಗ್ ನಟನೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತು ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ನಿಜವಾಗಿ ಅವರನ್ನು ನಾನು ಮೆಚ್ಚುವುದು ಅದಕ್ಕೇ. ನಾಯಕನಾದವನು ಚೆನ್ನಾಗಿ ಕಾಣಬೇಕೆಂದು ಬಯಸುತ್ತಾನೆ. ಇವರು ಪಾತ್ರ ಎಷ್ಟು ಸಣ್ಣ ಮನುಷ್ಯನದೋ ಅಷ್ಟೇ ಸಣ್ಣವರಾಗಿ ಕಾಣುತ್ತಾರೆ. ‘ಗಣೇಶನ ಮದುವೆ’ಯ ವೈ.ಜಿ. ರಾವ್ ವಠಾರದ ಬಾಡಿಗೆದಾರ. ಜಗಳಗಂಟ, ಸುಳ್ಳುಗಾರ, ಆದರೂ ನಮಗೆ ಬೇಕಾದವನು. ‘ನಾ ನಿನ್ನ ಬಿಡಲಾರೆ’ಯ ಭಯ, ‘ಬೆಂಕಿಯ ಬಲೆ’ಯ ಕಷ್ಟ, ‘ಹೆಂಡ್ತಿಗೆ ಹೇಳ್ಬೇಡಿ’ಯ ಪೇಚಾಟ – ಎಲ್ಲದರಲ್ಲೂ ನಮ್ಮ ಪಕ್ಕದ ಮನೆಯವನೊಬ್ಬ ಇರುತ್ತಾನೆ.

ಇನ್ನೊಂದು ಕಾರಣವೂ ಇದೆ. ಅದು ಮೆಚ್ಚುಗೆಯಲ್ಲ, ಹೊಟ್ಟೆಕಿಚ್ಚು. ಅನಂತ್ ನಾಗ್ ಚಿಕ್ಕಂದಿನಲ್ಲೇ ಮುಂಬಯಿಗೆ ಬಂದವರು. ಕೊಂಕಣಿ, ಮರಾಠಿ, ಕನ್ನಡ ನಾಟಕಗಳಲ್ಲಿ ದುಡಿದವರು. ‘ಅಂಕುರ್’, ‘ನಿಶಾಂತ್’, ‘ಮಂಥನ್’, ‘ಭೂಮಿಕಾ’ ಆದ ಮೇಲೆ ಹಿಂದಿಯಲ್ಲೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಕನ್ನಡಕ್ಕೆ ಬಂದು ನೆಲೆ ನಿಂತರು. ನಾನು ಕನ್ನಡದಿಂದ ಮುಂಬಯಿಗೆ ಹೋಗಿ ಅಲ್ಲೇ ಉಳಿದೆ.

ಬರಲು ಅವಕಾಶವಿರಲಿಲ್ಲವೇ? ಇತ್ತು. ಇದನ್ನು ಈವರೆಗೆ ನನ್ನ ಹೆಂಡತಿಯ ಹೊರತು ಯಾರಿಗೂ ಹೇಳಿಲ್ಲ. 1998ರಲ್ಲಿ ಅಮ್ಮ ತೀರಿಕೊಂಡರು. ‘ಒಂದು ಅರ್ಜಿ ಹಾಕೋ, ಹತ್ತಿರ ಬಂದುಬಿಡು’ ಎಂದರು ಅಪ್ಪ. ಹಾಕಿದೆ. 2000ದಲ್ಲಿ ದಾವಣಗೆರೆಗೆ ಟ್ರಾನ್ಸ್‌ಫರ್ ಕೊಡುತ್ತೇವೆ, ಒಪ್ಪಿಗೆಯೇ ಎಂದು ಕೇಳಿದರು. ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ! ಆದರೆ ಮಗ ಏಳನೇ ಕ್ಲಾಸು, ಹೆಂಡತಿಗೆ ಶಾಲೆಯಲ್ಲಿ ಕೆಲಸ ಕಾಯಂ ಆಗಿತ್ತು, ಮನೆಸಾಲ ಅರ್ಧ ಉಳಿದಿತ್ತು. ಬೇಡವೆಂದು ಬರೆದುಕೊಟ್ಟೆ. ಅಪ್ಪನಿಗೆ ಫೋನು ಮಾಡಿ, ‘ಬ್ಯಾಂಕಿನವರು ಕೊಡಲಿಲ್ಲ ಅಪ್ಪಾ’ ಎಂದೆ. ‘ಇರಲಿ ಬಿಡು, ನೀನೇನು ಮಾಡ್ತೀಯ’ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಮುಂದಿನ ವರ್ಷದಿಂದ ಅಪ್ಪನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಬೀಗದ ಕೈ, ಆಮೇಲೆ ಹೆಸರುಗಳು. ತಂಗಿ ಅದೇ ಊರಿನಲ್ಲಿದ್ದಳು, ಅವಳೇ ನೋಡಿಕೊಂಡಳು. ನಾನು ಪ್ರತಿ ಫೋನಿನಲ್ಲೂ, ‘ಮಾರ್ಚ್ ಮುಗೀಲಿ, ಬರ್ತೀನಿ’ ಎನ್ನುತ್ತಿದ್ದೆ. 2003ರ ಮಾರ್ಚ್ ಕೊನೆಯ ವಾರ ಒಂದು ಸಂಜೆ ಅಪ್ಪ ಕಾಣೆಯಾದರು. ರಾತ್ರಿ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸೊಬ್ಬರು ಗುರುತು ಹಿಡಿದು ಮನೆಗೆ ಕರೆತಂದರು. ಅವರ ಮಗನಿಗೆ ಅಪ್ಪ ಅಕ್ಷರ ಕಲಿಸಿದ್ದರಂತೆ. ‘ಮಗ ಬಾಂಬೆ ಬಸ್ಸಿಗೆ ಬರ್ತಾನೆ’ ಎಂದು ಅಪ್ಪ ಅಲ್ಲೇ ಕೂತಿದ್ದರಂತೆ. ನನಗೆ ಇಯರ್ ಎಂಡಿಂಗ್. ಲೆಕ್ಕ ಮುಗಿಸಿ ಹೊರಟು ಊರು ಮುಟ್ಟಿದಾಗ ಏಪ್ರಿಲ್ ಎರಡನೇ ವಾರ.

ಅಪ್ಪ ನನ್ನನ್ನು ನೋಡಿ ನಕ್ಕರು, ‘ಬನ್ನಿ, ಕೂತ್ಕೊಳ್ಳಿ’ ಎಂದರು. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಟಿ.ವಿ.ಯಲ್ಲಿ ‘ಗಣೇಶನ ಮದುವೆ’ ಬರುತ್ತಿತ್ತು. ಅನಂತ್ ನಾಗ್ ತೆರೆಯ ಮೇಲೆ ಬಂದಕೂಡಲೇ ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬೆರಳು ತೋರಿಸಿ, ‘ಭೈರವಿ ವೆಂಕಟಸುಬ್ಬಯ್ಯ’ ಎಂದರು. ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಕರೆದಂತೆ. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕೂತು ಸಿನಿಮಾ ನೋಡಿದೆ. ದಾವಣಗೆರೆಯ ವಿಷಯ ಆಗಲಾದರೂ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಹಾಗೆಂದೇ ನನಗೆ ಹೇಳಲು ಮನಸ್ಸು ಬರಲಿಲ್ಲ. 2005ರಲ್ಲಿ ಅಪ್ಪ ಹೋದರು.

2016ರಲ್ಲಿ ಮದುವೆಯೊಂದಕ್ಕೆ ಬೆಂಗಳೂರಿಗೆ ಬಂದಾಗ ಹೆಂಡತಿ, ‘ನಿಮ್ಮ ಹೀರೋದು ಹೊಸ ಸಿನಿಮಾ ಬಂದಿದೆ, ನೋಡೋಣ ಬನ್ನಿ’ ಎಂದಳು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೆಸರು ಕೇಳಿ ನಗೆಚಿತ್ರವೆಂದುಕೊಂಡೆ. ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯುವ ಮಾತುಗಳವು ಎಂದು ಕೂತ ಮೇಲೆ ಹೊಳೆಯಿತು. ಮರೆವಿನ ಕಾಯಿಲೆಯ ಅಪ್ಪ ವೆಂಕೋಬ ರಾವ್, ಕೆಲಸವೇ ದೊಡ್ಡದೆಂದುಕೊಂಡ ಮಗ, ಅಪ್ಪ ಕಳೆದುಹೋದ ಮೇಲೆ ಹುಡುಕಾಟ. ಅನಂತ್ ನಾಗ್ ಆ ಮರೆವನ್ನು ಅಳುಬುರುಕತನ ಮಾಡಲಿಲ್ಲ. ದಾರಿ ತಪ್ಪಿದವರ ಗಾಬರಿಯಿಲ್ಲ. ತಾನು ಸರಿಯಾದ ಜಾಗದಲ್ಲೇ ಇದ್ದೇನೆ, ಉಳಿದವರೇ ಎಲ್ಲೋ ಹೋಗಿದ್ದಾರೆ ಎಂಬಂಥ ಶಾಂತಿ ಆ ಮುಖದಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹೇಗೆ ಕೂತಿದ್ದರೆಂದು ಹದಿಮೂರು ವರ್ಷ ಊಹಿಸಿಕೊಂಡು ಸಂಕಟಪಟ್ಟಿದ್ದೆ. ಅವತ್ತು ಕಣ್ಣಾರೆ ನೋಡಿದೆ. ಇಂಟರ್‌ವಲ್ಲಿನಲ್ಲಿ ಹೆಂಡತಿ ಕಾಫಿ ತಂದಳು. ಇಬ್ಬರೂ ಮಾತಾಡಲಿಲ್ಲ.

2020ರಲ್ಲಿ ರಿಟೈರಾದೆ. 2025ರಲ್ಲಿ ಅನಂತ್ ನಾಗ್ ಅವರಿಗೆ ಪದ್ಮಭೂಷಣ ಬಂತು. ಸುದ್ದಿ ಬಂದ ಸ್ವಲ್ಪ ಹೊತ್ತಿಗೇ ರತ್ನಾಗಿರಿಯ ಆ ಹೆಡ್ ಕ್ಯಾಷಿಯರ ಫೋನು. ಎಂಬತ್ತರ ಹತ್ತಿರದ ಮನುಷ್ಯ. ‘ನಿಮ್ಮವರಿಗೆ ಸಿಕ್ಕಿತಲ್ಲ, ಅಭಿನಂದನೆ’ ಎಂದು ಮರಾಠಿಯಲ್ಲೇ ಹೇಳಿದರು. ಮೂವತ್ತೈದು ವರ್ಷದ ಜಗಳವನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟರು. ‘ನಮ್ಮವರಿಗೆ’ ಎಂದು ತಿದ್ದಿದೆ. ಅದರಲ್ಲಿ ಅವರೂ ಸೇರಿದ್ದರು.

ಚಿತ್ರದುರ್ಗದ ಮನೆ ಬೀಗ ಹಾಕಿಕೊಂಡಿದೆ. ಏನು ಮಾಡೋದು ಅಣ್ಣಾ ಎಂದು ತಂಗಿ ಕೇಳುತ್ತಿರುತ್ತಾಳೆ. ಮೊನ್ನೆ ಸುಣ್ಣ ಹೊಡೆಸಲು ದುಡ್ಡು ಕಳಿಸಿದೆ. ಬರ್ತೀನಿ ಎಂದು ಮಾತ್ರ ಈ ಸಲ ಹೇಳಿಲ್ಲ. ಟಿಕೆಟ್ ತೆಗೆದ ಮೇಲೆ ಹೇಳೋಣವೆಂದಿದ್ದೇನೆ.