ಬಾವಿ ಕಲ್ಲಿನೊಳಗಿನ ಬಸವನಹುಳು

ಈ ಸಲ ನಮ್ಮದೇ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇವೆ.

2011ರ ಮಾತು. ಏಳನೇ ತರಗತಿಗೆ ಪಳೆಯುಳಿಕೆಗಳ ವಿಷಯ ನಡೆದಿತ್ತು. ಹಲಗೆಯ ಮೇಲೆ ಒಂದು ಡೈನೋಸಾರ್ ಬರೆದು, ಎಲುಬು ಕಲ್ಲಾಗುವ ಬಗೆ ಹೇಳಿ, ಪ್ರಶ್ನೋತ್ತರ ಬರೆಸಿ ಮುಗಿಸಿದೆವು. ಮರುವಾರ ಹಿಂದಿನ ಸಾಲಿನ ಹುಡುಗನೊಬ್ಬ ಚೀಲದಿಂದ ಅಂಗೈಯಗಲದ ಬಿಳಿ ಕಲ್ಲು ತೆಗೆದ. ಗಡಿಯಾಚೆ ಗುರುಮಠಕಲ್ ಕಡೆ ಅವನ ಸೋದರಮಾವನ ಹೊಲದಲ್ಲಿ ಬಾವಿ ತೋಡುವಾಗ ಕರಿಕಲ್ಲಿನ ಕೆಳಗೆ ಸಿಕ್ಕಿತ್ತಂತೆ. "ಸರ್, ಇದ್ರಾಗ ಬಸವನಹುಳ ಅದಾವ್ರೀ" ಎಂದ. ಹೌದು, ಸುರುಳಿ ಸುರುಳಿಯಾಗಿ ಮೂರ್ನಾಲ್ಕು ಇದ್ದವು.

"ಹಳ್ಳದ ಕಲ್ಲಿಗೆ ಹುಳ ಅಂಟ್ಕೊಂಡಾವ, ಹೊರಗ ಒಗಿ" ಎಂದುಬಿಟ್ಟೆವು. ತರಗತಿ ನಕ್ಕಿತು. ಅವನು ಒಗೆದು ಬಂದು ಕುಳಿತ.

ಮೂರು ವರ್ಷದ ನಂತರ ಒಂದು ತರಬೇತಿಯಲ್ಲಿ ದಖನ್ ಪ್ರಸ್ಥಭೂಮಿಯ ಮೇಲಿನ ಪುಸ್ತಕ ಕೈಗೆ ಬಂತು. ಪುಟ ತಿರುವುತ್ತಿದ್ದಂತೆ ಅದೇ ಸುರುಳಿ! ಫೈಸಾ ಪ್ರಿನ್ಸೆಪಿ ಎಂಬ ಸಿಹಿನೀರಿನ ಬಸವನಹುಳು. 1840ರಲ್ಲೇ ಅದಕ್ಕೆ ಹೆಸರಿಟ್ಟಾಗಿತ್ತು. ಅಂದು ಊಟ ರುಚಿಸಲಿಲ್ಲ.

ನಮ್ಮ ಎರೆ ಭೂಮಿಗೆ ತಾಯಿಯಾದ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ. ಅದು ಒಂದೇ ಸಲ ಹರಿದದ್ದಲ್ಲ. ಒಂದು ಹರಿವು ಆರಿ ಗಟ್ಟಿಯಾದ ಮೇಲೆ ಮುಂದಿನದು ಬರುವವರೆಗೆ ಸಾವಿರಾರು ವರ್ಷ ಬಿಡುವು ಸಿಕ್ಕ ಜಾಗಗಳಿದ್ದವು. ಅಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಗಳಾದವು. ಮೀನು, ಕಪ್ಪೆ, ಬಸವನಹುಳು ಬಂದು ಸೇರಿದವು, ದಂಡೆಯಲ್ಲಿ ತಾಳೆಯ ಜಾತಿಯ ಮರಗಳು ಬೆಳೆದವು. ಆಮೇಲೆ ಮತ್ತೊಂದು ಲಾವಾ ಬಂದು ಕೆರೆಯನ್ನೇ ಮುಚ್ಚಿತು, ಗಡಿಗೆಗೆ ಮುಚ್ಚಳ ಹಾಕಿದ ಹಾಗೆ. ನೀರಿನಲ್ಲಿ ಕರಗಿದ್ದ ಸಿಲಿಕಾ ಗಿಡಗಳ ಜೀವಕೋಶಗಳೊಳಗೆ ಇಳಿದು ಕಲ್ಲಾಯಿತು. ಹೀಗಾಗಿ ಮಧ್ಯಪ್ರದೇಶದ ಛಿಂದ್ವಾಡಾ ಸೀಮೆಯ ಕಲ್ಲುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರೆ ಹೂವು ಹಣ್ಣುಗಳ ಕೋಶಗಳು ಇಂದಿಗೂ ಕಾಣುತ್ತವೆ. ಅಲ್ಲಿನ ಸೌಸರ್ ಬಳಿಯ ಕಲ್ಲಿನಲ್ಲಿ ಬೀರಬಲ್ ಸಾಹ್ನಿಯವರು ಅಜೋಲಾ ಗುರುತಿಸಿದರು. ಈಗ ನಮ್ಮ ರೈತರು ತೊಟ್ಟಿಯಲ್ಲಿ ಬೆಳೆಸಿ ಎಮ್ಮೆಗೆ ಹಾಕುತ್ತಾರಲ್ಲ, ಅದೇ ಕುಲದ ಗಿಡ!

ಛಿಂದ್ವಾಡಾ ದೂರವಾಯಿತು ಎನ್ನುವಿರಾ? ಗುರುಮಠಕಲ್ಲಿನ ಇಂಥ ಪದರಗಳಿಂದಲೇ ಕೇರಾ ಪಾಚಿಯ ಬೀಜದಂಥ ಕಾಳುಗಳೂ, ಸಾಸಿವೆಗಿಂತ ಚಿಕ್ಕದಾದ ಜೋಡಿಚಿಪ್ಪಿನ ಜೀವಿಗಳೂ ಸಿಕ್ಕು ಪ್ರಕಟವಾಗಿವೆ. ನಮ್ಮ ತೆಲಂಗಾಣದಲ್ಲೇ ವಿಕಾರಾಬಾದ್ ಸೀಮೆಯ ನಸ್ಕಲ್‌ನಲ್ಲಿ ವಿಜ್ಞಾನಿಗಳು ಕೆರೆಮಣ್ಣನ್ನು ನೀರಿನಲ್ಲಿ ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಕಾಳು ಆರಿಸಿದಂತೆ ಆರಿಸಿದರು. ರಾಗಿಕಾಳಿನಷ್ಟು ಹಲ್ಲುಗಳು ಸಿಕ್ಕವು. 1988ರಲ್ಲಿ ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವುಗಳ ಒಡೆಯನಿಗೆ ಡೆಕ್ಕನೊಲೆಸ್ಟಿಸ್ ಎಂದು ಹೆಸರಿಟ್ಟರು. ಇಲಿಯಷ್ಟು ಚಿಕ್ಕ ಸಸ್ತನಿ ಅದು. ಭಾರತದಲ್ಲಿ ಕ್ರಿಟೇಶಿಯಸ್ ಕಾಲದ ಸಸ್ತನಿ ಎಂದು ವರದಿಯಾದದ್ದು ಅದೇ ಮೊದಲು. ಡೈನೋಸಾರ್‌ಗಳು ಇನ್ನೂ ಬದುಕಿದ್ದಾಗಿನ ಪ್ರಾಣಿ. ನಾವು ಹಲಗೆಯ ಮೇಲೆ ಯಾವುದೋ ದೇಶದ ಡೈನೋಸಾರ್ ಬರೆಯುತ್ತಿದ್ದಾಗ ಅದರ ಕಾಲದ ಸಾಕ್ಷಿಗಳು ಬಸ್ಸಿನ ದಾರಿಯಲ್ಲೇ ಇದ್ದವು.

ಈಗ ನಮ್ಮ ತರಗತಿಯ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇದೆ. ಮಕ್ಕಳು ತಂದ ಕಲ್ಲನ್ನು ಮೊದಲು ತೊಳೆದು, ಭೂತಗನ್ನಡಿಯಲ್ಲಿ ನೋಡಿ, ಯಾವ ಊರು, ಯಾರ ಹೊಲ, ಎಷ್ಟು ಆಳ ಎಂದು ಚೀಟಿ ಬರೆದು ಇಡುತ್ತೇವೆ. ಹೆಚ್ಚಿನವು ಬರೀ ಬೆಣಚುಕಲ್ಲು. ಇರಲಿ. ಚೀಟಿ ಕನ್ನಡದಲ್ಲೇ ಬರೆಯುತ್ತಾರೆ, ಅಷ್ಟಾದರೂ ಲಾಭ.

ಹೋದ ಜಾತ್ರೆಯಲ್ಲಿ ಆ ಹುಡುಗ ಸಿಕ್ಕಿದ್ದ. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾನೆ. ಕಲ್ಲಿನ ವಿಷಯ ತೆಗೆದು, "ಅವತ್ತು ತಪ್ಪು ನಮ್ಮದೇ ಇತ್ತಪ್ಪಾ" ಎಂದೆವು. "ಕಲ್ಲು ನೆನಪಿಲ್ರೀ ಸರ್, ಎಲ್ಲಾರೂ ನಕ್ಕಿದ್ದು ನೆನಪದ" ಎಂದ. ನಮಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮಾವನಿಗೆ ಫೋನು ಹಚ್ಚಿದ. ಬಾವಿಯ ದಂಡೆಯ ಮೇಲೆ ಆ ಕಲ್ಲಿನ ಗುಡ್ಡೆ ಇನ್ನೂ ಅರ್ಧ ಉಳಿದಿದೆಯಂತೆ. ದಸರಾ ರಜೆಗೆ ಬರುತ್ತೇನೆ, ಕೂಡಿ ಹೋಗೋಣ ಎಂದಿದ್ದಾನೆ.