ಮನೆಗೊಂದು ಮದರ್‌ಬೋರ್ಡು

2023ರ ಒಂದು ಶನಿವಾರ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ತಂದೆಗೂ ಮಗಳಿಗೂ ವಿವಾದ ಹತ್ತಿಕೊಂಡಿತು. ಮಕ್ಕಳು ಬೆಲೆಬಾಳುವುದನ್ನು ಬೇಡುವುದು, ಹಿರಿಯರು ಕೈ ಬಿಗಿಹಿಡಿಯುವುದು ಲೋಕದ ರೂಢಿ. ಇಲ್ಲಿ ಅದು ತಲೆಕೆಳಗಾಗಿತ್ತು. ದುಬಾರಿಯ ಮದರ್‌ಬೋರ್ಡೇ ಆಗಬೇಕೆಂದು ಹಟ ಹಿಡಿದವರು ಮಲ್ಲೇಶ್ವರದ ಆ ಗೃಹಸ್ಥರು. ಬೇಡವೆಂದವಳು ವಾಸ್ತುಶಿಲ್ಪ ಓದುತ್ತಿದ್ದ ಅವರ ಮಗಳು.

ಗೃಹಸ್ಥರ ಹಟಕ್ಕೆ ಕಾಲು ಶತಮಾನದ ಹಿನ್ನೆಲೆಯಿತ್ತು. 1998ರ ಆಗಸ್ಟ್ ತಿಂಗಳಲ್ಲಿ ಇಂಟೆಲ್ ಕಂಪನಿಯವರು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರೊಂದನ್ನು ಹೊರತಂದರು. ಮದರ್‌ಬೋರ್ಡು 66 ಮೆಗಾಹರ್ಟ್ಸ್ ಗತಿಯಲ್ಲಿ ತಾಳ ಹಾಕಿದರೆ ಈ ಪ್ರೊಸೆಸರು ಅದರ ನಾಲ್ಕೂವರೆ ಪಟ್ಟು, ಎಂದರೆ 300 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ನಾಲ್ಕೂವರೆಯೆಂಬ ಗುಣಕಕ್ಕೆ ಕಂಪನಿಯವರು ಬೀಗ ಹಾಕಿದ್ದರು. ತಾಳಕ್ಕೆ ಮಾತ್ರ ಬೀಗವಿರಲಿಲ್ಲ. ಅದನ್ನೇ 100ಕ್ಕೆ ಏರಿಸಿದರೆ ಬಡ ಸೆಲೆರಾನ್ 450ಕ್ಕೆ ನೆಗೆದು, ಹಲವು ಪಟ್ಟು ಬೆಲೆಯ ಪೆಂಟಿಯಂ 2ರ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿತ್ತು. ಓವರ್‌ಕ್ಲಾಕಿಂಗ್ ಎಂಬ ಈ ವಿದ್ಯೆಗೆ ಹೇಳಿ ಮಾಡಿಸಿದಂತಿದ್ದುದು ಅಬಿಟ್ ಕಂಪನಿಯ ಬಿಎಚ್6 ಎಂಬ ಬೋರ್ಡು. ಅದರಲ್ಲಿ ತಾಳವನ್ನು ಪರದೆಯ ಮೇಲಿನ ಪಟ್ಟಿಯಿಂದಲೇ ಬದಲಿಸಬಹುದಾಗಿತ್ತು. ಅಂಥ ಬೋರ್ಡು ದೊರೆಯದವರು ಪ್ರೊಸೆಸರಿನ ಒಂದು ಸಂಪರ್ಕಬಿಂದುವನ್ನು ಅಂಟುಪಟ್ಟಿಯಿಂದಲೋ ಉಗುರುಬಣ್ಣದಿಂದಲೋ ಮುಚ್ಚಿ ಅದೇ ಫಲವನ್ನು ಪಡೆಯುತ್ತಿದ್ದರು. ಆಗತಾನೆ ಕೆಲಸಕ್ಕೆ ಸೇರಿದ್ದ ನಮ್ಮ ಗೃಹಸ್ಥರು ತಂಗಿಯ ಉಗುರುಬಣ್ಣದ ಸೀಸೆಯನ್ನು ಕದ್ದು ಈ ಸಾಹಸ ನಡೆಸಿದ್ದರು. ಪರದೆಯ ಮೇಲೆ 450 ಎಂಬ ಅಂಕಿ ಮೂಡಿದ ಆ ರಾತ್ರಿಯನ್ನು ಅವರು ಇಂದಿಗೂ ಮರೆತಿಲ್ಲ. ಮನೆಯವರಿಗೆ ಮರೆಯಲು ಬಿಟ್ಟೂ ಇಲ್ಲ.

"ಓವರ್‌ಕ್ಲಾಕಿಂಗಿಗೆ ಜ಼ಡ್790 ಬೋರ್ಡೇ ಆಗಬೇಕು, ಅದರ ಮೇಲೆ 13600ಕೆ ಪ್ರೊಸೆಸರು" ಎಂದರು ಅವರು, ವರನ ಗುಣಗಾನ ಮಾಡುವ ಮಧ್ಯಸ್ಥರ ಧಾಟಿಯಲ್ಲಿ.

"ಅಲ್ಲಪ್ಪ, ನೀವು ಆಗ ಮಾಡಿದ್ದು ದುಡ್ಡು ಉಳಿಸೋದಕ್ಕೆ. ಈಗ ಅದಕ್ಕೇ ದುಡ್ಡು ಸುರೀತೀರಲ್ಲ!"

ಮಾತು ನಾಟುವಂಥದೇ. ಇಂಟೆಲ್ ಪ್ರೊಸೆಸರುಗಳ ಈ ಪೀಳಿಗೆಯಲ್ಲಿ ಗುಣಕದ ಬೀಗ ತೆರೆದಿರುವುದು ಹೆಸರಿನಲ್ಲಿ 'ಕೆ' ಎಂಬ ಅಕ್ಷರವಿರುವವಕ್ಕೆ. ಆ ಗುಣಕವನ್ನು ಏರಿಸಲು ಅನುಮತಿಯಿರುವುದು 'ಜ಼ಡ್' ಹೆಸರಿನ ಬೋರ್ಡುಗಳಲ್ಲಿ. ಅಗ್ಗದ ಬಿ760ರ ಮೇಲೆ ಕೆ ಪ್ರೊಸೆಸರನ್ನು ಕೂರಿಸಿದರೆ ಅದು ಕೆಲಸವೇನೋ ಮಾಡುತ್ತದೆ, ಗುಣಕ ಮಾತ್ರ ಮೇಲೇರದು. ಕೆ ಪ್ರೊಸೆಸರಿನ ಪೆಟ್ಟಿಗೆಯಲ್ಲಿ ತಂಪಿನ ಫ್ಯಾನು ಸಹ ಇರುವುದಿಲ್ಲ. ಅದಕ್ಕೆ ಬೇರೆ ಖರ್ಚು. ಅಂಗಡಿಯವನು ಹೇಳಿದ ದರದಲ್ಲಿ ಜ಼ಡ್790ರ ಬೆಲೆ ಬಿ760ರ ಸುಮಾರು ಎರಡರಷ್ಟಿತ್ತು.

ಹಾಗೆಂದು ಆ ಬೆಲೆ ಬರಿಯ ಬೆಡಗಿನದೆಂದು ತಿಳಿಯಬಾರದು. ಮದರ್‌ಬೋರ್ಡಿಗೆ ಬರುವ ವಿದ್ಯುತ್ತು 12 ವೋಲ್ಟಿನದು. ಪ್ರೊಸೆಸರಿಗೆ ಬೇಕಾದದ್ದು ಒಂದು ಕಾಲು ವೋಲ್ಟಿನ ಆಸುಪಾಸು. 13600ಕೆ ತನ್ನ ಪೂರ್ಣ ಆವೇಶದಲ್ಲಿ 181 ವ್ಯಾಟ್ ಎಳೆಯುತ್ತದೆ. ಅಷ್ಟು ಕಡಮೆ ವೋಲ್ಟಿನಲ್ಲಿ ಅಷ್ಟು ವ್ಯಾಟ್ ಒದಗಬೇಕಾದರೆ 140 ಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯಬೇಕು. ಬಚ್ಚಲುಮನೆಯ 2000 ವ್ಯಾಟಿನ ಗೀಸರಾದರೂ 9 ಆಂಪಿಯರನ್ನು ದಾಟದು! ಈ ಪ್ರವಾಹವನ್ನು ಇಳಿಸಿ ಹಂಚುವ ಪುಟ್ಟ ಭಾಗಗಳು ಪ್ರೊಸೆಸರಿನ ಸುತ್ತ ಸಾಲುಗಟ್ಟಿ ನಿಂತಿರುತ್ತವೆ. ಓವರ್‌ಕ್ಲಾಕಿಂಗಿಗೆಂದು ಮಾಡಿದ ಬೋರ್ಡಿನಲ್ಲಿ ಅವುಗಳ ಸಂಖ್ಯೆ ಹೆಚ್ಚು, ಅವುಗಳ ಮೇಲೆ ಹೊದೆಸಿದ ಲೋಹದ ಹೊದಿಕೆಯೂ ದಪ್ಪ. ವೇಗವನ್ನೂ ವೋಲ್ಟನ್ನೂ ನೂರಕ್ಕೆ ಹತ್ತರಂತೆ ಏರಿಸಿದರೆ ವಿದ್ಯುತ್ತಿನ ವೆಚ್ಚ ನೂರಕ್ಕೆ ಮೂವತ್ತಮೂರರಷ್ಟು ಏರುತ್ತದೆ. ಆ ಹೊರೆಯನ್ನು ಹೊರುವವರು ಈ ಕೂಲಿಗಳೇ.

ಆದರೆ ಏರಿಸಲು ಉಳಿದಿರುವುದಾದರೂ ಎಷ್ಟು? 1998ರಲ್ಲಿ ನೂರಕ್ಕೆ ಐವತ್ತರಷ್ಟು ವೇಗ ಪುಕ್ಕಟೆಯಾಗಿ ಬಂದಿತ್ತು. ಈಗಿನ ಪ್ರೊಸೆಸರಾದರೋ ಕಾರ್ಖಾನೆಯವರೇ ಗಾಣಕ್ಕೆ ಕೊಟ್ಟು ಹಿಂಡಿ ಕಳಿಸಿದ ಕಬ್ಬು. ಎಷ್ಟರಮಟ್ಟಿಗೆ ಹಿಂಡುತ್ತಾರೆಂಬುದು 2024ರಲ್ಲಿ ಬಯಲಾಯಿತು: ಅತಿ ವೋಲ್ಟಿನಿಂದ ಕೆಲವು ಪ್ರೊಸೆಸರುಗಳು ಸವೆದು ತಡವರಿಸುತ್ತಿವೆಯೆಂದು ಇಂಟೆಲ್ ಒಪ್ಪಿಕೊಂಡು, ಅವುಗಳ ಖಾತರಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಆ ಪಟ್ಟಿಯಲ್ಲಿ 13600ಕೆ ಸಹ ಇತ್ತು. ಆ ಶನಿವಾರ ಇದು ತಂದೆಗೂ ತಿಳಿಯದು, ಮಗಳಿಗೂ ತಿಳಿಯದು. ಅವಳ ಲೆಕ್ಕವೇ ಬೇರೆ.

ಅವಳಿಗೆ ಬೇಕಾದದ್ದು ಕಟ್ಟಡದ ನಕ್ಷೆಗಳು ತಡವಿಲ್ಲದೆ ತೆರೆದುಕೊಳ್ಳುವ, ಅರೆಬರೆ ಕೆಲಸದಲ್ಲಿ ಕೈಕೊಡದ ಯಂತ್ರ. ಎಲ್ಲಕ್ಕಿಂತ ಅಗ್ಗದ ಎಚ್610 ಬೋರ್ಡನ್ನು ಅವಳು ನೋಡಿ ಬದಿಗಿಟ್ಟಳು. ಅದರಲ್ಲಿ ಮೆಮೊರಿಗೆ ಎರಡೇ ತಾವು. ಅಲ್ಲಿದ್ದ ಬೋರ್ಡಿನ ವಿದ್ಯುತ್ ಭಾಗಗಳ ಮೇಲೆ ಲೋಹದ ಹೊದಿಕೆಯೂ ಇರಲಿಲ್ಲ. ಗಂಟೆಗಟ್ಟಲೆ ಚಿತ್ರ ಮೂಡಿಸುವ ಕೆಲಸಕ್ಕೆ ಅದು ಬಿಸಿಯಾಗಿ ಮುಗ್ಗರಿಸೀತೆಂಬ ಶಂಕೆ. ಇದು ಜಾಣತನ. ಜ಼ಡ್ ಬೇಡವೆಂದವರು ನೇರವಾಗಿ ತಳಕ್ಕೆ ಇಳಿದುಬಿಡುವುದೇ ಹೆಚ್ಚು. ಅವಳು ಆರಿಸಿದ್ದು ನಾಲ್ಕು ತಾವಿನ ಬಿ760 ಬೋರ್ಡು, ಬೀಗ ಹಾಕಿದ 13400 ಪ್ರೊಸೆಸರು. ಉಳಿದ ಹಣದಲ್ಲಿ 32 ಜಿಬಿ ಮೆಮೊರಿ, ಮೇಲೊಂದು ಯು.ಪಿ.ಎಸ್. ಮಲ್ಲೇಶ್ವರದಲ್ಲಿ ಕರೆಂಟು ಹೋಗುವುದಕ್ಕೆ ಯಾವ ಬೋರ್ಡೂ ಮದ್ದಲ್ಲವಷ್ಟೆ.

ಗೃಹಸ್ಥರು ಹಣ ಎಣಿಸಿದರು. ಆಟೋರಿಕ್ಷಾದಲ್ಲಿ ಮಾತಿಲ್ಲ.

ಆ ರಾತ್ರಿ ಯಂತ್ರವನ್ನು ಜೋಡಿಸಿ ಮುಗಿಸಿದ ಮಗಳು, ಪರದೆ ಬೆಳಗಿದೊಡನೆ ಕುರ್ಚಿ ಬಿಟ್ಟೆದ್ದಳು. "ಅಪ್ಪ, ಮೆಮೊರಿ 4800ರಲ್ಲಿ ಓಡ್ತಾ ಇದೆ. ಪೊಟ್ಟಣದ ಮೇಲೆ 5600 ಅಂತಿದೆ. ಈ ಬೋರ್ಡಿನಲ್ಲಿ ಅದನ್ನ ಏರಿಸಬಹುದಂತೆ. ನೀವೇ ಮಾಡಿಕೊಡಿ."

ಗೃಹಸ್ಥರು ಕನ್ನಡಕ ಒರೆಸಿಕೊಂಡು ಕುಳಿತರು. ಪಟ್ಟಿಯಲ್ಲಿ ಎಕ್ಸ್.ಎಂ.ಪಿ. ಎಂಬುದನ್ನು ಹುಡುಕಿ ಒತ್ತುವುದಕ್ಕೆ ಒಂದು ನಿಮಿಷ ಸಾಕು. ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಅಡುಗೆಮನೆಯಿಂದ ಎರಡು ಬಾರಿ ಊಟದ ಕರೆ ಬಂತು. ಎರಡನೆಯದು ಸ್ವಲ್ಪ ಗಟ್ಟಿಯಾಗಿಯೇ ಬಂತು. ಯಂತ್ರ ಒಮ್ಮೆ ಕಣ್ಮುಚ್ಚಿ ಮತ್ತೆ ತೆರೆಯಿತು. 5600.

"ಉಗುರುಬಣ್ಣ ಬೇಕಾಗಲಿಲ್ಲ ನೋಡು" ಎಂದರು ಅವರು.